ರೋಧಕಕ್ಕೆ ತಂದ ಹೊಳೆನೀರು

ರೇಡಿಯೋ ಪ್ರಸಾರ ಕೇಂದ್ರದ ಯಂತ್ರಶಾಲೆಯಲ್ಲಿ ಆಯುಷ್ಯವನ್ನು ಕಳೆದ ನನ್ನನ್ನು, ನಿವೃತ್ತಿಯ ನಂತರ, ಬ್ಯಾಡಗಿಯ ಮೆಣಸಿನಕಾಯಿ ಕಾರ್ಖಾನೆಯೊಂದರ ಯಜಮಾನರು ಕರೆಸಿಕೊಂಡರು. ಕಾಯಿಯೊಳಗಿನ ಹುಳುವನ್ನು ರೇಡಿಯೋ ತರಂಗಗಳ ಕಾವಿನಿಂದ ಕೊಲ್ಲುವ ಯಂತ್ರವನ್ನು ಅವರು ತರಿಸಿದ್ದರು. ಕಾಯಿ ತುಂಬುವ ಮೊದಲು ಯಂತ್ರದ ಪೂರ್ಣ ಶಕ್ತಿಯನ್ನು ಲೋಡ್ ರೆಸಿಸ್ಟರ್ ಎಂಬ ರೋಧಕಕ್ಕೆ ಹರಿಸಿ ಪರೀಕ್ಷಿಸಬೇಕು. ಪಿಂಗಾಣಿ ಕೊಳವೆಯ ಮೈಗೆ ಲೇಪಿಸಿದ ತೆಳುವಾದ ಪೊರೆಯದು. ಬಂದ ಶಕ್ತಿಯನ್ನು ಹಿಂದಿರುಗಿಸದೆ ಸ್ವೀಕರಿಸಿ ಉಷ್ಣವಾಗಿಸುತ್ತದೆ. ಆ ಉಷ್ಣವನ್ನು ಕೊಳವೆಯ ಮೇಲೆ ಹರಿಯುವ ನೀರು ಎಡೆಬಿಡದೆ ಹೊತ್ತೊಯ್ಯಬೇಕು. ಇಲ್ಲವಾದರೆ ಪೊರೆ ಸುಟ್ಟುಹೋಗುತ್ತದೆ. ಬದಲಿ ರೋಧಕ ಪರದೇಶದಿಂದ ಬರುವಷ್ಟರಲ್ಲಿ ಆ ವರ್ಷದ ಸುಗ್ಗಿಯೇ ಮುಗಿದಿರುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ ಯಜಮಾನರ ತಾಯಿ ಐರಣಿಯಲ್ಲಿ ಹಿತ್ತಾಳೆಯ ಕೊಡಕ್ಕೆ ತುಂಗಭದ್ರೆಯ ನೀರು ತುಂಬಿಸಿ, ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ, ಕೊಡವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ನಾನಾಗ ರೋಧಕಕ್ಕೆ ನೀರೊದಗಿಸುವ ಒಳತೊಟ್ಟಿಗೆ ಭಟ್ಟಿಯಿಳಿಸಿದ ನೀರನ್ನು ಸುರಿಯುತ್ತಿದ್ದೆ.

"ಅದೇನ್ರೀ ಆಚಾರ್ರ, ಬ್ಯಾಟರಿಗೆ ಹಾಕೋ ನೀರು? ತಗೀರಿ ಅತ್ಲಾಗ. ಹೊಳಿ ನೀರು ತಂದೇನಿ, ಇದನ್ನ ಹಾಕ್ರಿ."

"ತಾಯಿ, ಹೊಳಿ ನೀರಾಗ ಉಪ್ಪು, ಮಣ್ಣು ಇರ್ತದ. ಉಪ್ಪಿನ ನೀರಾಗ ಕರೆಂಟು ಹರೀತದ, ಕೊಳವಿಗೆ ಸುಣ್ಣ ಕಟ್ತದ. ಆಮ್ಯಾಲೆ ಕಾವು ಇಳಿಯೂದಿಲ್ಲ."

"ಅಂದ್ರ ಗಂಗಮ್ಮ ಮೈಲಿಗಿ ಅಂತೀರೇನ್ರಿ? ಜನಿವಾರ ಹಾಕ್ಕೊಂಡು ಎಂಥಾ ಮಾತು ಆಡ್ತೀರಿ!"

ಯಜಮಾನರು ನಡುವೆ ಬಂದರು. "ಒಂದ ತಂಬಿಗಿ ಹಾಕ್ರಿ ಸರ, ಏನಾಕ್ಕೈತಿ?"

ಒಂದು ಹನಿಯೂ ಆಗದು ಎಂದೆ. ನಿತ್ಯವೂ ಸ್ನಾನಕಾಲದಲ್ಲಿ ಆ ನದಿಯನ್ನು ಸ್ಮರಿಸುವವನು ನಾನು. ಆದರೂ ನನಗೆ ಸಂಶಯವಿರಲಿಲ್ಲ. ಒಳಸುತ್ತಿನ ನೀರು ರೋಧಕವನ್ನೇ ಮುಟ್ಟುವುದರಿಂದ ಅದರಲ್ಲಿ ನೀರಲ್ಲದೆ ಬೇರೇನೂ ಇರಬಾರದು. ಅದು ತಂದ ಕಾವನ್ನು ಲೋಹದ ತಗಡುಗಳ ಆಚೆಯಿಂದ ಹೀರಿಕೊಳ್ಳುವ ಹೊರಸುತ್ತಿನ ನೀರು ಬೇರೆಯೇ ಇದೆ. ಅವೆರಡೂ ಎಂದಿಗೂ ಬೆರೆಯುವುದಿಲ್ಲ. ಆ ತಾಯಿಯನ್ನು ಹಿತ್ತಲಿನ ಹೊರತೊಟ್ಟಿಯ ಬಳಿಗೆ ಕರೆದೊಯ್ದೆ.

"ಒಳಗಿನ ಕಾವು ಕಡೀಗೆ ಬಂದು ಸೇರೋದು ಇಲ್ಲೇ. ಇದರಾಗ ಹಾಕ್ರಿ."

ಅವರು ಕೈಮುಗಿದು ಕೊಡವನ್ನು ಬರಿದುಮಾಡಿದರು.

ಮೊದಲು ಪಂಪು, ಹರಿವು ಸ್ಥಿರವಾದ ಮೇಲೆಯೇ ಶಕ್ತಿ. ಈ ಕ್ರಮ ತಪ್ಪಬಾರದು. ಹಾಗೆಯೇ ಚಾಲೂ ಮಾಡಿದೆ; ಶಕ್ತಿಮಾಪಕದ ಮುಳ್ಳು ಪೂರ್ಣ ಶಕ್ತಿಯವರೆಗೆ ಮೇಲೇರಿ, ಅಲುಗದೆ ನಿಂತಿತು. ತುಸು ಹೊತ್ತಿನಲ್ಲಿ ಹಿತ್ತಲಿನ ಹೊರತೊಟ್ಟಿಯ ಬಳಿಯಿಂದ ಆ ತಾಯಿ ಮಗನನ್ನು ಕೂಗಿದ್ದು ಕೇಳಿಸಿತು.

"ಏ, ಬಾರೋ ಇಲ್ಲೆ, ಕೈಯಿಟ್ಟು ನೋಡು! ಜಳಕದ ನೀರಿನಂಗ ಬೆಚ್ಚಗಾಗೈತಿ. ನಾಳಿಂದ ಕಾಯಿ ತುಂಬು."