ಹೆಣದ ಪಾತ್ರಕ್ಕೊಂದು ನಗು ಬಾಕಿ

ಬೋಗಾದಿಯ ಹೊಸ ಬಡಾವಣೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಧಾರಾವಾಹಿಯವರು ಬಾಡಿಗೆಗೆ ಹಿಡಿದಿರುವ ಮನೆಯ ಅಂಗಳದಲ್ಲಿ ದೊರೆಸ್ವಾಮಿ ಚಟ್ಟದ ಮೇಲೆ ಮಲಗಿದ್ದಾರೆ. ಮೂಗಿಗೆ ಹತ್ತಿ, ಕಾಲಿನ ಹೆಬ್ಬೆರಳುಗಳಿಗೆ ದಾರ. ಚಟ್ಟವಾದರೂ ಆಟದ ಸಾಮಾನೇ? ಅದೂ ಅಲ್ಲ, ಹೆಣಕ್ಕೆ ಕಟ್ಟುವವರೇ ಬಂದು ಹಸಿ ಬಿದಿರಿನಲ್ಲಿ ಕಟ್ಟಿಕೊಟ್ಟಿದ್ದು. ಅರವತ್ತೆಂಟರ ಈ ನಟನಿಗೆ ಈಗಿರುವುದು ಒಂದೇ ಕೆಲಸ, ಎದೆ ಏಳದಂತೆ ಉಸಿರು ಹಿಡಿಯುವುದು. ಆ ಎದೆಯೋ ಒಳಗೆ ಡವಡವ ಹೊಡೆದುಕೊಳ್ಳುತ್ತಿದೆ.

“ಹೊದಿಕೆ ಅಳ್ಳಾಡ್ತಾ ಇದೆ ಮೇಷ್ಟ್ರೇ, ಚಳಿನಾ?” ಮೇಕಪ್ಪಿನ ಪವಿತ್ರ ಬಗ್ಗಿ ಕೇಳುತ್ತಾರೆ.

“ಹ್ಞೂ, ಚಳಿ ಕಣಮ್ಮ.”

ಶುದ್ಧ ಸುಳ್ಳು. ಅದು ಹೆದರಿಕೆ.

ಈ ಮುಖವನ್ನು ನೀವು ನೋಡಿಲ್ಲ ಅನ್ನುವ ಹಾಗಿಲ್ಲ. ಅಂಚೆಯವ, ಕುಡುಕ, ಜಮೀನ್ದಾರ, ಕಳ್ಳಸ್ವಾಮಿ, ಎಲ್ಲವೂ ಇವರೇ. ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೀರಿ. ಹುಟ್ಟಿದ್ದು ನಜರ್‌ಬಾದಿನಲ್ಲಿ. ಅಜ್ಜ ಅರಮನೆಯ ಉಗ್ರಾಣದಲ್ಲಿದ್ದವರು. ಮಗ ವಕೀಲನಾಗಲಿ ಎಂದು ಅಪ್ಪ ಹಂಬಲಿಸಿದರು. ಮಗ ವಕೀಲನಾದದ್ದು ಬಣ್ಣ ಹಚ್ಚಿದಾಗ ಮಾತ್ರ. ನಾಟಕ ಬರೆದರು, ಆಡಿಸಿದರು. ನಟಿ ಕೈಕೊಟ್ಟ ಸಂಜೆ ಮೀಸೆ ಬೋಳಿಸಿ ಸೀರೆ ಉಟ್ಟು ಅತ್ತೆಯೂ ಆದರು. “ಪಾತ್ರ ದೊಡ್ಡದಾ ಚಿಕ್ಕದಾ ಅಂತ ಕೇಳಲ್ಲ ನಾನು. ಆ ಮನುಷ್ಯ ಮನೆಗೆ ಬಂದ್ರೆ ಚಪ್ಪಲಿ ಎಲ್ಲಿ ಬಿಡ್ತಾನೆ ಅಂತ ಕೇಳ್ತೀನಿ. ಅದು ಗೊತ್ತಾದ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ,” ಎನ್ನುತ್ತಾರೆ.

ಇಂಥವರಿಗೆ ಹೆಣವಾಗಲು ಏನು ಭಯ? ಭಯ ಹೆಣದ್ದಲ್ಲ, ನಗುವಿನದು. ಸತ್ತವನ ಪಾತ್ರ ಮಾಡಿದವನನ್ನು ಹಾಗೇ ಮನೆಗೆ ಕಳಿಸಬಾರದೆಂಬುದು ಚಿತ್ರೀಕರಣದವರ ಪದ್ಧತಿ. ಅವನು ಎದ್ದು ಕೂತು ಕ್ಯಾಮೆರಾ ಮುಂದೆ ಒಮ್ಮೆ ನಗಬೇಕು, ಆ ನಗುವನ್ನು ಚಿತ್ರಿಸಿಕೊಳ್ಳಬೇಕು. ಆಗ ಸಾವು ಪಾತ್ರಕ್ಕೆ ಅಂಟಿ ಅಲ್ಲೇ ಉಳಿಯುತ್ತದಂತೆ. ಹೋದ ವಾರ ಇದೇ ದೃಶ್ಯದ ಅರ್ಧ ಭಾಗ ಮುಗಿಯುವಷ್ಟರಲ್ಲಿ ಮೋಡ ಕವಿಯಿತು. ನಿರ್ದೇಶಕ ಸಾಗರ್ “ಪ್ಯಾಕಪ್” ಅಂದರು. ಗಡಿಬಿಡಿಯಲ್ಲಿ ನಗು ತೆಗೆಯುವುದು ಮರೆತೇಹೋಯಿತು.

ಬಾಯಿಬಿಟ್ಟು ಕೇಳಬಹುದಿತ್ತಲ್ಲ ಅನ್ನಬೇಡಿ. ಬೆಕ್ಕು ಅಡ್ಡ ಬಂದರೆ ಹಿಂದಕ್ಕೆ ಓಡುವವರನ್ನು ಗೇಲಿ ಮಾಡುವ ನಾಟಕ ಬರೆದು, ಊರೂರು ಸುತ್ತಿ ಆಡಿಸಿದ ಮನುಷ್ಯ ಇವರು. ಅದರಲ್ಲಿ ಆ ಬೆಕ್ಕಾಗಿದ್ದವರೇ ಇಂದಿನ ನಿರ್ದೇಶಕ ಸಾಗರ್! ಯಾವ ಮುಖ ಇಟ್ಟುಕೊಂಡು ಕೇಳುವುದು? ಅವತ್ತಿನಿಂದ ವಿದ್ಯಾರಣ್ಯಪುರಂನ ಮನೆಯಲ್ಲಿ ಇವರ ನಿದ್ದೆ ಕುರ್ಚಿಯಲ್ಲೇ. ಹೆಂಡತಿ ಚಂದ್ರಮತಿಯ ಹತ್ತಿರ ತಮಗೆ ಬೆನ್ನುನೋವು ಅಂದಿದ್ದಾರೆ. “ಮಲಗಿದ್ರೆ ಮತ್ತೆ ಅದೇ ಭಂಗಿ ಆಗ್ಬಿಡುತ್ತೆ. ಏಳ್ತೀನೋ ಇಲ್ವೋ ಅನ್ಸುತ್ತೆ,” ಎನ್ನುವುದು ಆಕೆಗೆ ಹೇಳದ ನಿಜ.

“ಆಕ್ಷನ್!” ಹೆಂಗಸರು ಗೋಳೋ ಎಂದು ಅಳುತ್ತಾರೆ. ಬಾಯಿಗೆ ಅಕ್ಕಿಕಾಳು ಬೀಳುತ್ತದೆ. ದೊರೆಸ್ವಾಮಿಯ ರೆಪ್ಪೆ ಕೂಡ ಅದುರುವುದಿಲ್ಲ. “ಕಟ್. ಸೂಪರ್ ಸಾರ್! ಪ್ಯಾಕಪ್!”

ಅಯ್ಯೋ, ಇವತ್ತೂ ಮರೆತರು. ವೈರು ಸುತ್ತುತ್ತಾರೆ, ಲೈಟು ಇಳಿಸುತ್ತಾರೆ. ದೊರೆಸ್ವಾಮಿ ಏಳುವುದಿಲ್ಲ. ಎದ್ದರೆ ಮುಗಿಯಿತು, ಕ್ಯಾಮೆರಾ ಪೆಟ್ಟಿಗೆ ಸೇರುತ್ತದೆ. ಕೇಳೋಣವೆಂದರೆ ನಾಲಗೆ ಹೊರಳುತ್ತಿಲ್ಲ.

ಕಾಲಿನ ದಾರ ಬಿಚ್ಚಲು ಬಂದ ಪವಿತ್ರ ಪಾದ ಮುಟ್ಟಿ ಚೀರುತ್ತಾರೆ. “ಸಾರ್, ಬೇಗ ಬನ್ನಿ! ಮೇಷ್ಟ್ರ ಕಾಲು ತಣ್ಣಗಾಗ್ಬುಟ್ಟೈತೆ!” ಸಾಗರ್ ಓಡಿ ಬಂದು ಭುಜ ಹಿಡಿದು ಅಲುಗಿಸುತ್ತಾರೆ. “ಮೇಷ್ಟ್ರೇ! ಮೇಷ್ಟ್ರೇ!”

ದೊರೆಸ್ವಾಮಿ ಕಣ್ಣು ಬಿಡುತ್ತಾರೆ. “ನನ್ನ ನಗು ತಗೊಳ್ಲಿಲ್ವಲ್ಲೋ ಸಾಗರ. ಹೋದ ವಾರಾನೂ ತಗೊಳ್ಲಿಲ್ಲ. ಭಯ ಆಗುತ್ತೆ ಕಣೋ.”

ಯಾರೂ ಗೇಲಿ ಮಾಡುವುದಿಲ್ಲ. ಸಾಗರ್ ಕಣ್ಣೊರೆಸಿಕೊಂಡು ತಾವೇ ಕ್ಯಾಮೆರಾ ಹೊತ್ತು ತರುತ್ತಾರೆ. ದೊರೆಸ್ವಾಮಿ ಚಟ್ಟದ ಮೇಲೆ ಎದ್ದು ಕೂತು ಗಹಗಹಿಸುತ್ತಾರೆ.

“ಅದು ಜಮೀನ್ದಾರನ ನಗು ಮೇಷ್ಟ್ರೇ.”

ಇನ್ನೊಮ್ಮೆ ನಗುತ್ತಾರೆ. ಅದು ಕುಡುಕನದು. ಮತ್ತೊಂದು, ಕಳ್ಳಸ್ವಾಮಿಯದು. ಮುಖ ಬಿಳಿಚಿಕೊಳ್ಳುತ್ತದೆ. “ನಂದು ಬರ್ತಾನೇ ಇಲ್ವಲ್ಲೋ,” ಎನ್ನುತ್ತಾ ಸುತ್ತ ನೋಡುತ್ತಾರೆ. “ನಮ್ಮ ಮನೆಯವಳಿಗೆ ಫೋನ್ ಮಾಡಿ.”

ಪವಿತ್ರ ಅವರದೇ ಫೋನಿನಿಂದ ಕರೆ ಮಾಡಿ ಸ್ಪೀಕರಿಗೆ ಹಾಕುತ್ತಾರೆ. ಆ ಕಡೆಯಿಂದ ಚಂದ್ರಮತಿಯ ಮೊದಲ ಮಾತೇ, “ಇವತ್ತಾದ್ರೂ ನಗಿಸಿದ್ರೇನ್ರೀ?”

“ನಿಂಗೆ ಹೇಗ್ ಗೊತ್ತು?”

“ಸತ್ತು ಬಂದಾಗೆಲ್ಲ ನಕ್ಕೆ ಅಂತ ಬಂದು ಹೇಳೋರು, ಈ ಸಲ ಹೇಳ್ಲಿಲ್ಲ. ಒಂದು ವಾರದಿಂದ ಕುರ್ಚೀಲಿ ಕೂತೋರ ಮೂಗಿನ ಹತ್ರ ಬೆರಳಿಟ್ಟು ನೋಡ್ತಿರೋಳು ನಾನಲ್ವಾ? ಸರಿ, ಬರ್ತಾ ಸೋರೇಕಾಯಿ ತನ್ನಿ. ಹತ್ತಿ ತೆಗೆದು ಅಂಗಡಿಗೆ ಹೋಗಿ ಮಾರಾಯ್ರೇ! ಹೋದ ವರ್ಷ ಮೂಗಲ್ಲಿ ಇಟ್ಕೊಂಡೇ ಹೋಗಿ ನಿಂತ್ರಲ್ಲ, ತರಕಾರಿ ಶಿವನಂಜಮ್ಮ ತಕ್ಕಡಿ ಬಿಸಾಕಿ ಓಡಿದೋಳು ಇವತ್ತಿಗೂ ನನ್ನನ್ನ ಮಾತಾಡ್ಸಲ್ಲ.”

ದೊರೆಸ್ವಾಮಿ ಕಿಸಕ್ಕೆನ್ನುತ್ತಾರೆ. ತಡೆಯಲು ನೋಡುತ್ತಾರೆ, ಆಗುವುದಿಲ್ಲ. ಬಿದಿರು ಕಿರುಗುಟ್ಟುವಂತೆ ನಗುತ್ತಾರೆ, ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಾರೆ. ಸಾಗರ್ ಕ್ಯಾಮೆರಾ ನಿಲ್ಲಿಸುವುದೇ ಇಲ್ಲ.

ಕಡೆಗೆ ಸುಧಾರಿಸಿಕೊಂಡು ಹೇಳುತ್ತಾರೆ, “ಇದನ್ನ ಯಾವ ಸೀನಿಗೂ ಹಾಕ್ಬೇಡ ಕಣೋ. ಇದೊಂದು ನಂದು.”