ಕಾಶಿನಾಥ ಕೇಳಿದ ಒಂದು ಕಾಗದ

ಯುದ್ಧವನ್ನು ವಿರೋಧಿಸುವವರಿಗೆ ನಮ್ಮಲ್ಲಿ ಬರವಿಲ್ಲ. ಒಂದು ಮೈಕು, ಒಂದು ಶಾಲು, ಪಕ್ಕದಲ್ಲೊಂದು ಕೂಲರ್ ಇದ್ದರೆ ಸಾಕು, ವಿರೋಧ ತಾನಾಗಿಯೇ ಉಕ್ಕಿ ಬರುತ್ತದೆ. ಮೈಕಿಲ್ಲದೆ ವಿರೋಧಿಸಿದವನನ್ನು ಮಾತ್ರ ನಾನು ಕಂಡದ್ದು ಒಬ್ಬನನ್ನೇ. ಅವನು ಕಾಶಿನಾಥ, ಲಿಂಗಸುಗೂರು ಕಡೆಯವನು. ಪಟಾನ್‌ಚೆರುವಿನ ನಮ್ಮ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವನು.

ಆಗ ನಾವು ಹಿತ್ತಾಳೆಯ ನಲ್ಲಿ, ವಾಲ್ವು ಮಾಡುತ್ತಿದ್ದೆವು. ನನ್ನದೂ ಅವನದೂ ತಪಾಸಣೆಯ ಕೆಲಸ. ಮಾಲನ್ನು ಗೇಜಿಗೆ ಹಿಡಿದು ಅಳತೆ ನೋಡಬೇಕು, ಸರಿ ಇದ್ದರೆ ತಳದಲ್ಲಿ ನಮ್ಮ ನಂಬರಿನ ಪಂಚ್ ಹೊಡೆಯಬೇಕು. ಅವನ ನಂಬರು ಹದಿನೇಳು, ನನ್ನದು ಇಪ್ಪತ್ತಮೂರು. ನನಗೆ ಅದು ಬರೀ ನಂಬರು. ಕಾಶಿನಾಥನಿಗೆ ಅದು ಮನೆತನದ ಹೆಸರು. ಮದುವೆ ಊಟಕ್ಕೆ ಹೋದರೂ ಕೈ ತೊಳೆಯುವ ಮೊದಲು ನಲ್ಲಿಯ ಕೆಳಗೆ ಬಗ್ಗಿ ನೋಡುತ್ತಿದ್ದ. ಒಮ್ಮೆ ಜಹೀರಾಬಾದಿನ ಛತ್ರವೊಂದರಲ್ಲಿ ಹದಿನೇಳು ಸಿಕ್ಕಿಬಿಟ್ಟಿತು. ಹಿಂದೆ ಸಾಲು ನಿಂತವರು ಬೈಯುತ್ತಿದ್ದರೂ ಬಿಡದೆ ಆ ನಲ್ಲಿಯನ್ನು ನಾಲ್ಕು ಸಲ ತಿರುಗಿಸಿ, ಒಂದು ಹನಿಯೂ ಸೋರುವುದಿಲ್ಲವೆಂದು ನನಗೆ ತೋರಿಸಿದ. ನಾನು ನಾಚಿಕೆಯಿಂದ ಬೇರೆ ಕಡೆ ಮುಖ ಮಾಡಿ ನಿಂತೆ.

ಪ್ಲಾಸ್ಟಿಕ್ ನಲ್ಲಿ ಬಂದಮೇಲೆ ನಮ್ಮ ಹಿತ್ತಾಳೆಯನ್ನು ಕೇಳುವವರು ಕಡಿಮೆಯಾದರು. ಮಾಲೀಕರು ಜಾಣರು. ಏಳು ವರ್ಷದ ಹಿಂದೆ ಗುಂಡಿನ ಹಿತ್ತಾಳೆ ಚಿಪ್ಪು ಮಾಡುವ ಗುತ್ತಿಗೆ ಹಿಡಿದರು. ಮದ್ದು ತುಂಬಿ ಫಿರಂಗಿಗೆ ಹಾಕುವ, ಮೊಳದುದ್ದದ ಚಿಪ್ಪು. ಯಂತ್ರಕ್ಕೆ ತೆಂಗಿನಕಾಯಿ ಒಡೆದರು, ಗೇಟಿಗೆ ಬಾವುಟ ಕಟ್ಟಿದರು, ಎಲ್ಲರಿಗೂ ಓವರ್‌ಟೈಮ್ ಬಂತು. ಬಾವುಟ ಮಾರುವವನಿಗೂ ಬರದಷ್ಟು ಬೇಗ ನಮಗೆ ದೇಶಭಕ್ತಿ ಬಂದುಬಿಟ್ಟಿತು.

ಕಾಶಿನಾಥ ಮೊದಲನೆಯ ಚಿಪ್ಪನ್ನು ಗೇಜಿಗೆ ಹಿಡಿದ, ನೋಡಿದ, ಪಂಚ್ ಹೊಡೆಯದೆ ಕೆಳಗಿಟ್ಟ.

"ಯಾಕೋ, ಕೂರಲಿಲ್ಲೇನು?" ಎಂದೆ.

"ಕೂತೈತಿ. ಅದ ತ್ರಾಸ," ಎಂದ. "ಸರಿಯಾಗಿ ನೋಡಿ ಪಾಸ್ ಮಾಡಿದ್ರ ಆ ಕಡಿ ಒಬ್ಬ ಸಾಯ್ತಾನ. ತಪ್ಪಿ ಪಾಸ್ ಮಾಡಿದ್ರ ಹಾರಿಸೋ ಹುಡುಗ ಸಾಯ್ತಾನ, ಅವ ನಮ್ಮಾವ. ಕೆಲಸ ಚಲೋ ಮಾಡಿದ್ರೂ ಹೆಣ, ಕೆಟ್ಟ ಮಾಡಿದ್ರೂ ಹೆಣ. ಮುಂಜಾನೆ ಇದ ಕೈಯಾಗ ಲಿಂಗ ಹಿಡದು ಬರ್ತೀನಪ್ಪ ನಾ."

ನನಗೆ ನಗು ಬಂತು. "ನೀ ಬಿಟ್ರ ಯುದ್ಧ ನಿಲ್ತೈತೇನು?"

"ಯುದ್ಧ ನಿಲ್ಲಸಾಕ ನಾ ಯಾರು? ನಾ ನನ್ನ ನಂಬರ್ ನಿಲ್ಲಸಾಕತ್ತೀನಿ."

ನಲ್ಲಿಯ ವಿಭಾಗ ಒಂದು ಮೂಲೆಯಲ್ಲಿ ಇನ್ನೂ ನಡೆಯುತ್ತಿತ್ತು. ಅಲ್ಲಿಗೆ ಹಾಕಿ ಎಂದು ಮ್ಯಾನೇಜರ್ ಕೌಶಲ್‌ನನ್ನು ಕೇಳಿದ. ಕೌಶಲ್ ಮೈಸೂರು ಕಡೆಯ ಹುಡುಗ, ಕೊಂಡಾಪುರದಿಂದ ಕಾರಿನಲ್ಲಿ ಬರುವವನು, ಮಾತು ಬೆಣ್ಣೆ. "ನಿಮ್ಮ ಫೀಲಿಂಗ್ಸ್ ಅರ್ಥ ಆಗುತ್ತೆ ಸಾರ್. ಆದ್ರೆ ಫೈಲಿಗೆ ಏನಾದ್ರೂ ಬೇಕಲ್ಲ? ಧರ್ಮಕ್ಕೆ ವಿರುದ್ಧ ಅಂತ ಮಠದಿಂದ ಒಂದು ಲೆಟರ್ ತನ್ನಿ. ಇಲ್ಲಾ ಯೂನಿಯನ್ ಕಡೆಯಿಂದ ತನ್ನಿ. ಯಾವುದಾದ್ರೂ ಒಂದು ಸಾಕು," ಎಂದ. ಕಾಶಿನಾಥನ ಮುಖ ಅರಳಿತು. ಎರಡೂ ಸಿಗುತ್ತವೆ ಎಂದುಕೊಂಡಿದ್ದ, ಪಾಪ.

ಮಠಕ್ಕೆ ನನ್ನ ಸ್ಕೂಟರಿನಲ್ಲೇ ಹೋದೆವು. ಮಠದ ಸ್ವಾಮಿಗಳಾದ ನಮ್ಮ ಅಪ್ಪಾವರು ಶ್ರಾವಣದಲ್ಲಿ ತಿಂಗಳಿಡೀ ಅಹಿಂಸೆಯ ಪ್ರವಚನ ಮಾಡುವವರು. ಇರುವೆ ತುಳಿದರೂ ಪಾಪ ಎಂದು ಅವರು ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಕೂತಿದ್ದದ್ದು ಹೊಸ ದಾಸೋಹ ಭವನದಲ್ಲಿ. ಗೋಡೆಯ ಮೇಲೆ ದಾನಿಯ ಹೆಸರು ದೊಡ್ಡ ಅಕ್ಷರದಲ್ಲಿತ್ತು. ನಮ್ಮ ಮಾಲೀಕರ ಹೆಸರೇ.

"ಅಪ್ಪಾರ, ಕೊಲ್ಲಾಕ ಕೈಗೂಡಸಬಾರದು ಅನ್ನೋದು ನಮ್ಮ ಧರ್ಮ ಅಂತ ಎರಡ ಸಾಲು ಬರದು ಕೊಡ್ರಿ, ಸಾಕು," ಎಂದು ಕಾಶಿನಾಥ ಅಡ್ಡಬಿದ್ದ.

ಅಪ್ಪಾವರು ಕಣ್ಣು ಮುಚ್ಚಿದರು. ಇರುವೆಯ ಬಗ್ಗೆ ಹೇಳುವಾಗ ಕಣ್ಣು ತೆರೆದೇ ಇರುತ್ತಿತ್ತು. "ಕಾಶಿನಾಥಪ್ಪ, ಕಾಯಕ ಅಂದಮ್ಯಾಲ ಫಲ ನೋಡಬಾರದು. ಇದು ಕಂಪನಿ ವಿಷಯ. ನಿಮ್ಮ ಸಂಘದವರನ್ನ ಕೇಳು," ಎಂದು ಒಂದು ಬಾಳೆಹಣ್ಣು ಕೊಟ್ಟು ಕಳಿಸಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಸಂಘದ ಅಧ್ಯಕ್ಷ ದೀಪಕನಿಗೆ ದೇವರಿಲ್ಲ. ಇಲ್ಲವೆಂಬುದನ್ನು ಅವನು ದಿನಕ್ಕೆ ಮೂರು ಸಲ, ಕೆಲವರು ಸಂಧ್ಯಾವಂದನೆ ಮಾಡುವಷ್ಟೇ ನಿಷ್ಠೆಯಿಂದ ಹೇಳುತ್ತಿದ್ದ. ಪ್ರತಿ ಆಗಸ್ಟಿನಲ್ಲಿ ಬಾಂಬಿನ ವಿರುದ್ಧ ಮೇಣದಬತ್ತಿ ಮೆರವಣಿಗೆ ಮಾಡಿಸುತ್ತಿದ್ದ. ಬತ್ತಿ ಹಿಡಿದು ನಡೆಯುವವರಲ್ಲಿ ಕಾಶಿನಾಥನೂ ಇರುತ್ತಿದ್ದ, ನಾನೂ ಇರುತ್ತಿದ್ದೆ.

"ಕಾಶಿನಾಥಣ್ಣ, ತಾತ್ವಿಕವಾಗಿ ನೀವು ಹೇಳೋದು ನೂರಕ್ಕ ನೂರು ಖರೆ," ಎಂದ ದೀಪಕ. "ಆದ್ರ ಮುನ್ನೂರು ಮಂದಿ ಓವರ್‌ಟೈಮ್ ಐತಿ. ಈಗ ಕಾಗದ ಬರದ್ರ ಸಂಘ ಒಡದು ಹೋಗತೈತಿ. ಮ್ಯಾಲ ನೀವು ಲಿಂಗದ ಮಾತು ಬ್ಯಾರೆ ತಗದೀರಿ. ಅದು ಧರ್ಮದ ವಿಷಯ, ಮಠಕ್ಕ ಹೋಗ್ರಿ." ಬಾಳೆಹಣ್ಣನ್ನೂ ಕೊಡಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತ್ತು. ಇಬ್ಬರನ್ನೂ ದಾರಿಯುದ್ದಕ್ಕೂ ಬೈದೆ. ಕಾಶಿನಾಥ ಸ್ಕೂಟರಿನಿಂದ ಇಳಿಯುವಾಗ ಹೇಳಿದ: "ಒಬ್ಬರು ದೇವರನ್ನ ನಂಬ್ತಾರ, ಒಬ್ಬರು ನಂಬೂದಿಲ್ಲ. ಮಾಲಕರನ್ನ ಮಾತ್ರ ಇಬ್ಬರೂ ನಂಬ್ತಾರ ನೋಡು."

ಮರುದಿನ ಹದಿನೇಳನೇ ನಂಬರಿನ ಪಂಚನ್ನು ಕರವಸ್ತ್ರದಲ್ಲಿ ಸುತ್ತಿ ಕೌಶಲ್‌ನ ಮೇಜಿನ ಮೇಲಿಟ್ಟು ಬಂದ. ಕಾಗದವಿಲ್ಲದ್ದರಿಂದ ನಲ್ಲಿಯ ವಿಭಾಗ ಸಿಗಲಿಲ್ಲ. ಗ್ರೇಡ್ ಇಳಿಸಿ ಕ್ಯಾಂಟೀನಿಗೆ ಹಾಕಿದರು. ಅಳತೆ ನೋಡುವ ಕಣ್ಣು ಅನ್ನದ ಹಂಡೆ ನೋಡತೊಡಗಿತು. ಅವನ ಮೇಜಿನ ಕೆಲಸ ನನ್ನ ಮೇಜಿಗೆ ಬಂತು, ಜೊತೆಗೆ ಒಂದು ಗ್ರೇಡೂ ಬಂತು. ಬೇಡವೆನ್ನಲು ನನಗೇನು ಹುಚ್ಚೇ?

ಮುಂದೊಂದು ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರಿತು. ಟಿವಿಯವರ ಗಂಟಲು ಹರಿದುಹೋಯಿತು. ಕ್ಯಾಂಟೀನಿನಲ್ಲಿ ಮಾಲೀಕರ ಲೆಕ್ಕದಲ್ಲಿ ಡಬಲ್ ಕಾ ಮೀಠಾ ಮಾಡಿಸಿದರು. ಕಾಶಿನಾಥ ಸಿಹಿಯ ಸೌಟನ್ನು ಬೇರೆಯವನ ಕೈಗೆ ಕೊಟ್ಟು ಅನ್ನ ಬಡಿಸಲು ಹೋದ. ನಾನು ಸಿಹಿಯನ್ನು ಎರಡು ಸಲ ಹಾಕಿಸಿಕೊಂಡೆ.

ಈ ವರ್ಷ ನಾವಿಬ್ಬರೂ ನಿವೃತ್ತರಾದೆವು. ನಾರಾಯಣಗೂಡದ ಸಭಾಂಗಣವೊಂದರಲ್ಲಿ ವಿಶ್ವಶಾಂತಿ ಸಮಾವೇಶ ನಡೆಯಿತು. ಖರ್ಚು ನಮ್ಮ ಕಂಪನಿಯದು. ವೇದಿಕೆಯ ಮೇಲೆ ಅಪ್ಪಾವರೂ ದೀಪಕನೂ ಅಕ್ಕಪಕ್ಕ ಕೂತು, ಇದ್ದ ಒಂದೇ ಮೈಕನ್ನು ಅಣ್ಣತಮ್ಮಂದಿರಂತೆ ಹಂಚಿಕೊಂಡರು. ಒಬ್ಬರು ಸಕಲ ಜೀವಿಗಳಲ್ಲಿ ದಯೆ ಇರಲಿ ಎಂದರು. ಇನ್ನೊಬ್ಬ, ಯುದ್ಧದಲ್ಲಿ ಸಾಯುವವರು ಎರಡೂ ಕಡೆಯ ಬಡವರೇ ಎಂದ. ಎರಡೂ ನಿಜ. ನಿಜವನ್ನು ಅಷ್ಟು ಅಗ್ಗವಾಗಿ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆಮೇಲೆ ನಿವೃತ್ತರಿಗೆ ಸನ್ಮಾನ. ಶಾಲಿನ ಜೊತೆ ಒಂದು ಹಿತ್ತಾಳೆ ಹೂದಾನಿ. ಥಳಥಳ ಹೊಳೆಯುತ್ತಿತ್ತು, ಮೇಲೆ ಪಾರಿವಾಳ ಕೊರೆಸಿದ್ದರು. ಅದು ಏನೆಂದು ನಮಗೆ ಹೇಳಬೇಕೇ? ಹಾರಿಸಿದ ಮೇಲೆ ಗುಜರಿಗೆ ಬಂದ ನಮ್ಮದೇ ಚಿಪ್ಪುಗಳು. ನಾನು ಅಪ್ಪಾವರನ್ನೂ ದೀಪಕನನ್ನೂ ಬೈಯುತ್ತಾ ಕೆಳಗಿಳಿದೆ. ಕಾಶಿನಾಥ ಕುರ್ಚಿಯಲ್ಲಿ ಕೂತು, ಹಳೆಯ ಅಭ್ಯಾಸದಂತೆ ತನ್ನ ಹೂದಾನಿಯನ್ನು ತಲೆಕೆಳಗು ಮಾಡಿದ. ತಳವನ್ನು ಹೆಬ್ಬೆರಳಿಂದ ಒರೆಸಿ ನೋಡಿದ. ಆಮೇಲೆ ಅದನ್ನು ನನ್ನ ತೊಡೆಯ ಮೇಲಿಟ್ಟ.

ಇಪ್ಪತ್ತಮೂರು.

"ನಿನ್ನದು ನೀನ ಇಟಗೋ, ಗುರುರಾಜ," ಎಂದ. "ಖಾಲಿ ಆಗಿ ಬಂದೈತಿ."

"ಪ್ರಾಕ್ಟೀಸಿನ್ಯಾಗ ಹಾರಿಸಿದ್ದಿರಬೇಕು ಬಿಡೋ," ಎಂದೆ.

"ಇರಬೇಕು," ಎಂದು ಎದ್ದು ಬಸ್ಸಿಗೆ ಹೋದ.

ಈಗ ಎರಡು ಹೂದಾನಿಗಳೂ ನನ್ನ ಮನೆಯಲ್ಲಿವೆ. ಹೆಂಡತಿ ವನಜಾ ಪ್ಲಾಸ್ಟಿಕ್ ಗುಲಾಬಿ ಇಟ್ಟಿದ್ದಾಳೆ, ಬಂದವರು ಚಂದ ಇದೆ ಎನ್ನುತ್ತಾರೆ. ಅಪ್ಪಾವರನ್ನೂ ದೀಪಕನನ್ನೂ ಇಷ್ಟು ಹೊತ್ತು ಬೈದೆನಲ್ಲ, ಇನ್ನೂ ಬೈಯಬಲ್ಲೆ. ಆದರೆ ಅವರು ಕಾಗದ ಕೊಡಲಿಲ್ಲ, ಅಷ್ಟೇ. ಪಂಚ್ ಹೊಡೆದವನು ನಾನು.