ಇನ್‌ಚಾರ್ಜ್ ಸಿಸ್ಟರ್ ಹಂಚಿದ ಪೇಢೆ

ನನ್ನ ಮೊಮ್ಮಗಳು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆದಳು! ಮುಂಬಯಿ ಸಯನ್ನಿನ ನಮ್ಮ ಚಾಳಿನಲ್ಲಿ ಈ ಸುದ್ದಿ ಕೇಳದೆ ಉಳಿದದ್ದು ನೀರಿನ ಟಾಕಿ ಒಂದೇ. ಅದಕ್ಕೂ ಹೇಳುತ್ತಿದ್ದೆ, ಮಗ ಕೈಹಿಡಿದು ಒಳಗೆ ಕರೆದುಕೊಂಡು ಬಂದ.

ಆದರೆ ಹುಡುಗಿಯ ಮುಖದಲ್ಲಿ ನಗುವಿರಲಿಲ್ಲ. ಆ ಹುದ್ದೆ ಅವಳಿಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರಿಗೆ ಸಿಗಬೇಕಿತ್ತು. ಸಿಗಲಿಲ್ಲವೆಂದು ಆಕೆ ಬೇರೆ ವಾರ್ಡು ಕೇಳಿದ್ದಳು. ಆಕೆ ಹೋದರೆ ವಾರ್ಡು ನಡೆಸುವುದು ಹೇಗೆಂಬುದೇ ಇವಳ ಚಿಂತೆ.

ಆಸ್ಪತ್ರೆಯ ದೊಡ್ಡವರಿಗೂ ಆ ಸಿಟ್ಟಿನ ವಾಸನೆ ಬಡಿದಿತ್ತು. ಅದಕ್ಕೆ ಮದ್ದೆಂದು ಕೋಟು ಹಾಕಿದ ಒಬ್ಬ ಮಹಾಶಯನನ್ನು ಕರೆಸಿದರು. ಮನಸ್ಸು ಅರಿಯುವುದನ್ನು ಆತ ಕಲಿಸುತ್ತಾನಂತೆ! ನರ್ಸುಗಳನ್ನೆಲ್ಲ ಗುಂಡಗೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಒಬ್ಬರಿಗೊಬ್ಬರು 'ಥ್ಯಾಂಕ್ಯೂ' ಹೇಳಿಸಿದ. ಊಟದ ಹೊತ್ತು ಮೀರಿ ಅವರ ಹೊಟ್ಟೆ ಚುರುಗುಟ್ಟುತ್ತಿದ್ದದ್ದು ಮಾತ್ರ ಮನಸ್ಸು ಬಲ್ಲವನಿಗೆ ತಿಳಿಯಲಿಲ್ಲ.

ನನ್ನ ಶಾಣ್ಯಾತನವೇನು ಕಡಿಮೆಯೇ! ಆ ಕ್ಲಾಸಿನ ದಿನ ಬೆಳಿಗ್ಗೆಯೇ ಧಾರವಾಡ ಪೇಢೆಯ ಡಬ್ಬಿ ಅವಳ ಕೈಗಿಟ್ಟು, "ಮೊದಲ ಮೇಟ್ರನ್ ಬಾಯಿಗೆ ಹಾಕು, ಆಮ್ಯಾಲೆ ಡಾಕ್ಟರಗ. ಉಳಿದ್ರ ಆ ಮಾರಿ ಊದಿಸಿಕೊಂಡಾಕಿಗೆ ಒಂದ್ ಚೂರು," ಎಂದಿದ್ದೆ.

ಸಂಜೆ ನೋಡಿದರೆ ಆ ಹಿರಿಯ ಸಿಸ್ಟರನ್ನೇ ಮನೆಗೆ ಕರೆತಂದಳು! ಮೊಮ್ಮಗಳನ್ನು ಒಲೆಯ ಹತ್ತಿರ ಎಳೆದು, "ಏನ್ ಮಾಡಿದಿ?" ಎಂದೆ.

"ಕ್ಲಾಸ್ ಮುಗಿದಮ್ಯಾಲೆ ಡಬ್ಬಿ ಫಸ್ಟ್ ಅವರ ಮುಂದ ಇಟ್ಟೆ, ಆಯಿ. 'ನಿಮಗ ಸಿಟ್ಟು ಬಂದದ, ಬರಬೇಕಾದ್ದ. ಸೂಜಿ ಹಿಡಿಯಾಕ ಕಲಿಸಿದ್ದು ನೀವು. ನೀವು ಹೋದ್ರ ನನಗ ಡರ್ ಆಗ್ತದ' ಅಂದೆ."

"ಆಕಿ?"

"ಅತ್ರು. ಆಮ್ಯಾಲೆ ನನಗ ಬೈದ್ರು. ಆಮ್ಯಾಲೆ ಪೇಢೆ ತಿಂದ್ರು."

"ಮೇಟ್ರನ್‌ಗ?"

"ಬಾಕಿ ನರ್ಸ್ ಎಲ್ಲಾ ಹಸಿದಿದ್ರು. ಡಬ್ಬಿ ಖತಂ, ಆಯಿ."

ನನ್ನ ಎದೆ ಒಡೆಯಿತು. ಆದರೂ ತುಟಿಗೆ ಬಂದ ನಗು ತಡೆಯಲಾಗಲಿಲ್ಲ.

ಎಲ್ಲರೂ ಸಾಲಾಗಿ ನೆಲದ ಮೇಲೆ ಊಟಕ್ಕೆ ಕುಳಿತೆವು. ಮೊದಲ ರೊಟ್ಟಿ ಆಕೆಗೇ ಬಡಿಸಿದೆ. ಬೆಳಗಾವಿ ಕಡೆಯವಳಂತೆ, ಎಣ್ಣೆಗಾಯಿ ಕಂಡದ್ದೇ ಊದಿದ ಮುಖ ಇಳಿಯಿತು. ತಿನ್ನುತ್ತಲೇ ಮೊಮ್ಮಗಳತ್ತ ಬೆರಳು ಮಾಡಿ, "ನಾಳೆ ಮುಂಜಾನೆ ನಾ ವಾರ್ಡಿನ್ಯಾಗ ಇರ್ತೀನಿ. ಇನ್‌ಚಾರ್ಜ್ ಬಾಯಾರು ಲೋಕಲ್ ಗಾಡಿ ತಪ್ಪಿಸಿಕೊಂಡ್ರ ನೋಡ್ರಿ ಮತ್ತ!" ಎಂದಳು.

ನಾನು ಆಕೆಯ ತಟ್ಟೆಗೆ ಇನ್ನೊಂದು ಬದನೆಕಾಯಿ ಹಾಕಿದೆ. ಒಬ್ಬರೂ ಥ್ಯಾಂಕ್ಯೂ ಹೇಳಲಿಲ್ಲ. ಎಲ್ಲರ ಬಾಯಲ್ಲೂ ರೊಟ್ಟಿಯಿತ್ತು.